ತೆಗೆದ ದಿಮ್ಮಿ, ಇಟ್ಟ ದಿಮ್ಮಿ

ಮೀನು, ಕಾಡುಪ್ರಾಣಿಗಳ ನಿರ್ವಹಣೆಯ ಕೆಲಸಕ್ಕೆ ಸೇರಿದ ಮೊದಲ ಬೇಸಿಗೆಯಲ್ಲಿ ನನ್ನ ಪಾಲಿಗೆ ಬಂದದ್ದು ತೊರೆಯಲ್ಲಿ ಬಿದ್ದ ಮರಗಳನ್ನು ಹೊರಗೆಳೆಸುವ ಕೆಲಸ. ಆರು ಜನರ ತಂಡ, ಎರಡು ಯಂತ್ರಗರಗಸ, ಉಕ್ಕಿನ ಹಗ್ಗ, ಹಗ್ಗ ಸುತ್ತುವ ಒಂದು ರಾಟೆ. ಮಂಜು ಬಿಡುವ ಮೊದಲೇ ನೀರಿಗಿಳಿಯುತ್ತಿದ್ದೆವು. ದಿಮ್ಮಿಯ ಎರಡೂ ತುದಿ ಕೊಯ್ದು, ನಡುವಿನ ತುಂಡಿಗೆ ಹಗ್ಗ ಬಿಗಿದು ಎಳೆದರೆ ಅದು ಮೊದಲು ಅಲುಗುವುದೇ ಇಲ್ಲ. ಆಮೇಲೆ ಒಮ್ಮೆಗೇ, ಹಲ್ಲು ಕಿತ್ತಂತೆ, ಕೆಸರಿನ ಸಮೇತ ಕಳಚಿಕೊಳ್ಳುತ್ತದೆ. ಅದರ ಹಿಂದೆ ತಂಗಿದ್ದ ನೀರು ದಿಕ್ಕು ತೋಚದಂತೆ ಒಂದು ಗಳಿಗೆ ನಿಂತು, ನಂತರ ಓಡುತ್ತದೆ. ಆ ಓಟವನ್ನು ನೋಡಿ ನಾವು ಚಪ್ಪಾಳೆ ತಟ್ಟುತ್ತಿದ್ದೆವು.

ತರ್ಕ ಸರಳವಾಗಿತ್ತು. ಮೊಟ್ಟೆಯಿಡಲು ಮೇಲ್ಗಡೆಗೆ ಈಜಿ ಹೋಗುವ ಮೀನಿಗೆ ದಿಮ್ಮಿ ಅಡ್ಡಿ; ಅಡ್ಡಿ ತೆಗೆದರೆ ಮೀನು ಮೇಲೇರುತ್ತದೆ; ಮೇಲೇರಿದರೆ ಸಂತತಿ ಹೆಚ್ಚುತ್ತದೆ. ಉತ್ತರ ಅಮೆರಿಕದ ಪೆಸಿಫಿಕ್ ಕರಾವಳಿಯಲ್ಲಿ ಸಾಲ್ಮನ್ ಮೀನು ಬರುವ ತೊರೆಗಳಲ್ಲಿ 1950ರ ದಶಕದಿಂದ ಎರಡು ಮೂರು ದಶಕಗಳ ಕಾಲ ಇದೇ ತರ್ಕದ ಮೇಲೆ ಮೈಲುಗಟ್ಟಲೆ ತೊರೆಗಳನ್ನು 'ಸ್ವಚ್ಛ' ಮಾಡಿದ್ದರು. ಅಲ್ಲಿನವರು ಆ ಕೆಲಸದ ಬಗ್ಗೆ ಅನುಮಾನಪಡಲು ಆರಂಭಿಸಿದ್ದ ಹೊತ್ತಿಗೆ ನಾವು ಇನ್ನೂ ಹುರುಪಿನಲ್ಲಿದ್ದೆವು. ಒಳ್ಳೆಯ ವಿಚಾರಗಳಂತೆ ಕೆಟ್ಟ ವಿಚಾರಗಳೂ ತಡವಾಗಿಯೇ ತಲುಪುತ್ತವೆ, ಮತ್ತು ತಡವಾಗಿ ಬಂದವು ಹೆಚ್ಚು ದಿನ ಉಳಿಯುತ್ತವೆ.

ಆ ಬೇಸಿಗೆಯ ಕೊನೆಗೆ ನಾನೊಂದು ನಕ್ಷೆ ಬರೆದೆ. ತೆಗೆದ ಪ್ರತಿ ದಿಮ್ಮಿಗೂ ಕೆಂಪು ಪೆನ್ಸಿಲಿನಲ್ಲಿ ಒಂದು ಗುಣಾಕಾರ ಚಿಹ್ನೆ. ಒಟ್ಟು 41. ಕಡತದ ಮೇಲೆ 'ತೆರವುಗೊಳಿಸಿದ ಅಡ್ಡಿಗಳು' ಎಂದು ದುಂಡಗಿನ ಅಕ್ಷರಗಳಲ್ಲಿ ಬರೆದಿದ್ದೆ. ಮೇಲಧಿಕಾರಿ ಬೆನ್ನು ತಟ್ಟಿದರು. ನಮ್ಮ ತಂಡದಲ್ಲಿ ಹಿರಿಯ ಸಹಾಯಕರೊಬ್ಬರಿದ್ದರು. ಓದು ಹೆಚ್ಚಿಲ್ಲ, ಆದರೆ ನೀರಿನ ಮೇಲೆ ಬಿದ್ದ ನೆರಳನ್ನು ನೋಡಿಯೇ ಆಳ ಹೇಳುತ್ತಿದ್ದವರು. ಕೊನೆಯ ದಿನ ಅವರು, "ಸರ್, ಎಲ್ಲ ಚೊಕ್ಕಟವಾಯಿತು. ಇನ್ನು ಮೀನು ಎಲ್ಲಿ ಕುಳಿತುಕೊಳ್ಳಬೇಕು?" ಎಂದು ಕೇಳಿದರು. ನಾನು ನಕ್ಕೆ. ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡಿದ್ದೆ.

ಹತ್ತೊಂಬತ್ತು ವರ್ಷಗಳ ನಂತರ ಅದೇ ತೊರೆಯ ಅದೇ ತಿರುವಿನಲ್ಲಿ ನಾನು ನಿಂತಿದ್ದೆ. ಈ ಸಲ ದಡದ ಮೇಲೆ ಒಂದು ಅಗೆಯುವ ಯಂತ್ರ, ಅದರ ತೋಳಿನಲ್ಲಿ ಬೇರುಬುಡದ ಸಮೇತ ಒಂದು ಇಡೀ ಮರ. ಅದನ್ನು ನೀರಿಗೆ ಇಳಿಸುತ್ತಿದ್ದೆವು. ಬುಡ ದಡದೊಳಗೆ ಹೂತಿರಬೇಕು, ತುದಿ ಪ್ರವಾಹಕ್ಕೆ ಓರೆಯಾಗಿರಬೇಕು, ಎಂದು ನಾನೇ ಕೈಸನ್ನೆ ಮಾಡುತ್ತಿದ್ದೆ. ಒಂದು ದಿಮ್ಮಿ ಇಡುವುದಕ್ಕೆ ತಗಲಿದ ವೆಚ್ಚದಲ್ಲಿ ಅಂದು ಹತ್ತು ದಿಮ್ಮಿ ಎಳೆದುಹಾಕಿರಬಹುದು. ಈ ನಕ್ಷೆಗೆ ನೀಲಿ ಪೆನ್ಸಿಲ್ ಬಳಸಿದೆ. ಹಿರಿಯ ಸಹಾಯಕರು ಅಷ್ಟರಲ್ಲಿ ತೀರಿಹೋಗಿದ್ದರು. ಅವರ ಪ್ರಶ್ನೆ ತಮಾಷೆಯಲ್ಲ ಎಂದು ಅವರಿಗೆ ಹೇಳುವ ಅವಕಾಶ ನನಗೆ ಸಿಗಲಿಲ್ಲ.

ನಡುವೆ ನಾವು ಕಲಿತದ್ದು ಇಷ್ಟು. ನೀರು ದಿಮ್ಮಿಗೆ ಡಿಕ್ಕಿ ಹೊಡೆದು ಕೆಳಕ್ಕೆ ಧುಮುಕುವಾಗ ತಳವನ್ನು ಕೊರೆದು ಮಡು ಮಾಡುತ್ತದೆ. ಬೇಸಿಗೆಯಲ್ಲಿ ತೊರೆ ಸೊರಗಿದಾಗ ಮರಿಗಳು ಬದುಕುವುದು ಆ ಮಡುವಿನ ತಂಪಿನಲ್ಲಿ. ದಿಮ್ಮಿಯ ಮೇಲ್ಬದಿಯಲ್ಲಿ ನೀರು ನಿಧಾನವಾಗುವುದರಿಂದ ಜಲ್ಲಿ ತಂಗುತ್ತದೆ. ಟ್ರೌಟ್ ಮತ್ತು ಸಾಲ್ಮನ್ ಹೆಣ್ಣುಗಳು ಬಾಲದಿಂದ ಗುಂಡಿ ತೋಡಿ ಮೊಟ್ಟೆ ಹೂಳುವುದು ಅಂಥ ಜಲ್ಲಿಯಲ್ಲಿ. ದಿಮ್ಮಿಗೆ ಸಿಕ್ಕಿಕೊಂಡ ಎಲೆಗಳನ್ನು ಹುಳುಗಳು ತಿನ್ನುತ್ತವೆ, ಹುಳುಗಳನ್ನು ಮರಿಗಳು ತಿನ್ನುತ್ತವೆ. ನೆರೆ ಬಂದಾಗ ಅದರ ಮರೆಯಲ್ಲಿ ನಿಂತ ಮರಿ ಕೊಚ್ಚಿಹೋಗುವುದಿಲ್ಲ. ನಾವು ಅಡ್ಡಿ ಎಂದು ಕರೆದದ್ದು ತೊರೆಯ ಬೆನ್ನೆಲುಬಾಗಿತ್ತು. ಇನ್ನು ಮೇಲೇರುವ ಮೀನಿನ ವಿಷಯ: ಅದು ನಿಜವಾಗಿ ದಾಟಲಾಗದ ದಿಮ್ಮಿರಾಶಿಗಳು ನಮ್ಮ 41ರಲ್ಲಿ ಎರಡೋ ಮೂರೋ ಇದ್ದಿರಬಹುದು.

ಮೂವತ್ತನಾಲ್ಕು ವರ್ಷ ಈ ಕೆಲಸ ಮಾಡಿದೆ. ನಿವೃತ್ತಿಯ ದಿನ ಭಾಷಣಕಾರರು 'ಸಾಧನೆ' ಎಂದು ಪಟ್ಟಿ ಓದುತ್ತಿದ್ದಾಗ ನಾನು ಮನಸ್ಸಿನಲ್ಲೇ ಇನ್ನೊಂದು ಲೆಕ್ಕ ಹಾಕುತ್ತಿದ್ದೆ. ಮೊದಲರ್ಧದಲ್ಲಿ ಮಾಡಿದ್ದರಲ್ಲಿ ಎಷ್ಟನ್ನು ಎರಡನೆಯ ಅರ್ಧದಲ್ಲಿ ಬಿಚ್ಚಿದೆ ಎಂಬ ಲೆಕ್ಕ ಅದು. ಅದರಲ್ಲಿ ನನಗೆ ನಾಚಿಕೆಯೇನಿಲ್ಲ. ಇದ್ದರೂ ಸ್ವಲ್ಪ, ಅದೂ ಚಪ್ಪಾಳೆ ತಟ್ಟಿದ್ದಕ್ಕೆ.

'ನಿರ್ವಹಣೆ' ಎಂಬ ಪದವೇ ವಿಚಿತ್ರ. ಗೋದಾಮನ್ನು ನಿರ್ವಹಿಸಬಹುದು, ಅಲ್ಲಿ ಏನಿದೆಯೆಂದು ಎಣಿಸಬಹುದು. ನೀರಿನೊಳಗಿರುವುದನ್ನು ಎಣಿಸುವುದು ಹೇಗೆ? ಮೀನಿನ ಹೆಜ್ಜೆ ಕಂಡವರಿಲ್ಲ ಎಂಬ ಮಾತು ಸುಮ್ಮನೆ ಹುಟ್ಟಿದ್ದಲ್ಲ. ಆದರೂ ನಾವು ಎಣಿಸಿದೆವು. ಡೆನ್ಮಾರ್ಕಿನ ಪೀಟರ್ಸನ್ ಎಂಬ ವಿಜ್ಞಾನಿ 1896ರಲ್ಲಿ ಚಪ್ಪಟೆ ಮೀನುಗಳಿಗೆ ಗುರುತು ಕಟ್ಟಿ ಬಿಟ್ಟು ಹಾಕಿಕೊಟ್ಟ ದಾರಿ ಇಂದಿಗೂ ನಮ್ಮ ಹೆದ್ದಾರಿ. ಅಮೆರಿಕದ ಪಕ್ಷಿವಿಜ್ಞಾನಿ ಲಿಂಕನ್ 1930ರಲ್ಲಿ ಅದನ್ನೇ ಬಾತುಕೋಳಿಗಳಿಗೆ, ಕಾಲುಂಗುರಗಳ ಮೂಲಕ, ಅನ್ವಯಿಸಿದರು. ನೀವು 400 ಮೀನು ಹಿಡಿದು, ಈಜುರೆಕ್ಕೆಯ ಅಂಚು ಕತ್ತರಿಸಿ ಗುರುತು ಮಾಡಿ ಬಿಡುತ್ತೀರಿ. ಕೆಲವು ದಿನ ಬಿಟ್ಟು ಮತ್ತೆ 300 ಹಿಡಿಯುತ್ತೀರಿ. ಅದರಲ್ಲಿ 24ಕ್ಕೆ ಗುರುತಿದ್ದರೆ, 400ನ್ನು 300ರಿಂದ ಗುಣಿಸಿ 24ರಿಂದ ಭಾಗಿಸಿದರೆ 5,000. ಕೆರೆಯಲ್ಲಿರುವ ಮೀನು ಸುಮಾರು ಅಷ್ಟು. ಮೊದಲ ಸಲ ಈ ಲೆಕ್ಕ ಮಾಡಿದಾಗ ನನಗೆ ನೀರಿನ ತಳ ಕಂಡಷ್ಟು ಸಂತೋಷವಾಗಿತ್ತು.

ಈ ಲೆಕ್ಕಕ್ಕೆ ಕೆಲವು ಷರತ್ತುಗಳಿವೆ. ಗುರುತು ಅಳಿಸಬಾರದು, ಗುರುತಿನ ಮೀನು ಹೆಚ್ಚಾಗಿ ಸಾಯಬಾರದು, ಅದು ಉಳಿದವುಗಳೊಂದಿಗೆ ಚೆನ್ನಾಗಿ ಬೆರೆಯಬೇಕು. ನಾನು ಎಡವಿದ್ದು ಮೂರನೆಯದರಲ್ಲಿ. ಒಂದು ಸರೋವರದಲ್ಲಿ ಬಲೆಯನ್ನು ದಾರಿಗೆ ಹತ್ತಿರದ ದಡದಲ್ಲೇ ಹಾಕಿದೆ, ಕಾರಣ ಅಲ್ಲಿ ವಾಹನ ನಿಲ್ಲುತ್ತಿತ್ತು. ಎರಡು ವಾರದ ನಂತರ ಅದೇ ಜಾಗದಲ್ಲೇ ಮತ್ತೆ ಹಾಕಿದೆ. ಆ ಕೊಲ್ಲಿಯ ಮೀನುಗಳು ಆ ಕೊಲ್ಲಿಯಲ್ಲೇ ಇದ್ದವು, ಮತ್ತೆ ನನ್ನ ಬಲೆಗೇ ಬಂದವು. ಗುರುತಿನವು ಎಷ್ಟು ಹೆಚ್ಚು ಸಿಕ್ಕವೋ ಲೆಕ್ಕ ಅಷ್ಟು ಕೆಳಗಿಳಿಯಿತು. ಉತ್ತರ 2,000 ಬಂತು. ಗಾಬರಿಯಾಗಿ ಒಂದು ವರ್ಷ ಗಾಳ ಹಾಕುವುದನ್ನೇ ನಿಷೇಧಿಸಿದೆವು. ಎದುರು ದಡದಲ್ಲಿ ದಿನವೂ ಕೂರುತ್ತಿದ್ದ ಮುದುಕರೊಬ್ಬರು ಕಚೇರಿಗೆ ಬಂದು, "ನಿಮ್ಮ ಲೆಕ್ಕ ನಿಮ್ಮ ಕಡೆಯ ದಡದ್ದು. ನಮ್ಮ ಕಡೆ ಮೀನಿದೆ" ಎಂದರು. ಅವರಿಗೆ ಚಹಾ ಕೊಟ್ಟು ಕಳುಹಿಸಿದೆ. ಮರುವರ್ಷ ಸುತ್ತಲೂ ಬಲೆ ಹಾಕಿ ಎಣಿಸಿದಾಗ 5,000ದ ಆಸುಪಾಸು ಬಂತು.

ನನ್ನ ತಪ್ಪಿನಿಂದ ಕೆಲವರು ಒಂದು ವರ್ಷ ಗಾಳ ಹಾಕಲಿಲ್ಲ, ಅಷ್ಟೇ. ತಪ್ಪು ಇನ್ನೊಂದು ದಿಕ್ಕಿಗೆ ಜಾರಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ವೃತ್ತಿಯವರೆಲ್ಲ ಮೆಲ್ಲನೆಯ ದನಿಯಲ್ಲಿ ಹೇಳುವ ಹೆಸರು ನ್ಯೂಫೌಂಡ್‌ಲ್ಯಾಂಡ್. ಕೆನಡಾದ ಆ ಕರಾವಳಿಯಲ್ಲಿ ಶತಮಾನಗಳಿಂದ ಕಾಡ್ ಮೀನು ಹಿಡಿಯುತ್ತಿದ್ದರು. 1980ರ ದಶಕದಲ್ಲಿ ಆಳಸಮುದ್ರದ ದೊಡ್ಡ ಟ್ರಾಲರುಗಳು ಗಂಟೆಗೆ ಹಿಡಿಯುತ್ತಿದ್ದ ಮೀನು ಕಡಿಮೆಯಾಗಲಿಲ್ಲ. ಆದ್ದರಿಂದ ಸಮುದ್ರದಲ್ಲೂ ಮೀನು ಕಡಿಮೆಯಾಗಿಲ್ಲ ಎಂದು ಲೆಕ್ಕ ಹೇಳಿತು. ನಿಜದಲ್ಲಿ ಉಳಿದ ಮೀನುಗಳು ಒತ್ತೊತ್ತಾಗಿ ಗುಂಪುಗೂಡುತ್ತಿದ್ದವು, ಉಪಕರಣಗಳು ಉತ್ತಮಗೊಂಡ ಟ್ರಾಲರುಗಳು ಆ ಗುಂಪುಗಳನ್ನೇ ಹುಡುಕಿ ಹಿಡಿಯುತ್ತಿದ್ದವು. ದಡದ ಹತ್ತಿರ ಚಿಕ್ಕ ದೋಣಿಗಳಲ್ಲಿ ಹೋಗುತ್ತಿದ್ದವರು ಮೀನು ಕಡಿಮೆಯಾಗುತ್ತಿದೆ, ಗಾತ್ರವೂ ಕುಗ್ಗುತ್ತಿದೆ ಎಂದು ವರ್ಷಗಳಿಂದ ಹೇಳುತ್ತಲೇ ಇದ್ದರು. 1992ರ ಜುಲೈ 2ರಂದು ಸರ್ಕಾರ ಆ ಮೀನುಗಾರಿಕೆಯನ್ನೇ ನಿಲ್ಲಿಸಿತು. ಸುಮಾರು 30,000 ಜನರ ಕೆಲಸ ಹೋಯಿತು. ಎರಡು ವರ್ಷದ ನಿಷೇಧ ಎಂದು ಹೇಳಿದ್ದು 2024ರವರೆಗೆ ಎಳೆಯಿತು. ಆ ಸುದ್ದಿ ಓದಿದ ದಿನ ನನಗೆ ನೆನಪಾದದ್ದು ನಾನು ಚಹಾ ಕೊಟ್ಟು ಕಳುಹಿಸಿದ ಮುದುಕರು. ಚಹಾ ಕೊಡುವುದು ಎಷ್ಟು ಸುಲಭ!

ಎಣಿಸುವುದಾದ ಮೇಲೆ ವಯಸ್ಸು. ಮೀನಿನ ವಯಸ್ಸು ತಿಳಿಯದಿದ್ದರೆ ಅದು ಎಷ್ಟು ವೇಗವಾಗಿ ಬೆಳೆಯುತ್ತದೆ, ಎಷ್ಟನ್ನು ಹಿಡಿದರೆ ಸಂತತಿ ತಡೆದುಕೊಳ್ಳುತ್ತದೆ ಎಂದು ಹೇಳುವುದು ಅಸಾಧ್ಯ. ನಾನು ಕಲಿತ ಕಾಲದಲ್ಲಿ ಹುರುಪೆ ನೋಡಿ ವಯಸ್ಸು ಹೇಳುತ್ತಿದ್ದೆವು. ಪಕ್ಕೆಯಿಂದ ನಾಲ್ಕೈದು ಹುರುಪೆ ಎಬ್ಬಿಸಿ, ಎರಡು ಗಾಜಿನ ನಡುವೆ ಒತ್ತಿ, ಹಿಗ್ಗಿಸಿ ನೋಡಿದರೆ ಮರದ ಕಾಂಡದಲ್ಲಿರುವಂತೆ ಉಂಗುರಗಳು. ಮೀನು ಸಾಯಬೇಕಾಗಿಲ್ಲ ಎಂಬುದು ಅದರ ದೊಡ್ಡ ಅನುಕೂಲ. ಮೀನು ಮುದಿಯಾಗಿ ಬೆಳವಣಿಗೆ ನಿಂತಾಗ ಹುರುಪೆಯೂ ಬೆಳೆಯುವುದನ್ನು ನಿಲ್ಲಿಸುತ್ತದೆ ಎಂಬುದು ಅದರ ದೊಡ್ಡ ದೋಷ. ಹತ್ತರ ನಂತರದ ವರ್ಷಗಳು ಅಂಚಿನಲ್ಲಿ ಒಂದರ ಮೇಲೊಂದು ಕುಳಿತು ಒಂದೇ ಗೆರೆಯಾಗಿ ಕಾಣುತ್ತವೆ.

ಕಿವಿಯ ಕಲ್ಲು ಹಾಗಲ್ಲ. ಅದನ್ನು ತೆಗೆಯುವುದನ್ನು ನನಗೆ ಕಲಿಸಿದ ಸಹೋದ್ಯೋಗಿಯ ಕೈಗಳು ಈಗಲೂ ಕಣ್ಣಮುಂದಿವೆ. ತಲೆಯನ್ನು ಕಣ್ಣಿನ ಹಿಂದೆ ಅಡ್ಡವಾಗಿ ಸೀಳಿ, ಮಿದುಳನ್ನು ಪಕ್ಕಕ್ಕೆ ಸರಿಸಿ, ಅದರ ಕೆಳಗಿನ ಚಿಕ್ಕ ಚೀಲದೊಳಗೆ ಚಿಮಟ ಇಳಿಸಿದರೆ ಉಗುರಿನ ಚೂರಿನಷ್ಟು ಬಿಳಿಯ ಕಲ್ಲು ಎದ್ದು ಬರುತ್ತದೆ. ಎರಡೂ ಕಡೆ ಒಂದೊಂದು. ಮೀನು ತನ್ನ ಸಮತೋಲವನ್ನೂ ಸದ್ದನ್ನೂ ಅರಿಯುವುದು ಅದರಿಂದ. ತೊಳೆದು, ಅಂಟಿನಲ್ಲಿ ಹುದುಗಿಸಿ, ವಜ್ರದ ಗರಗಸದಿಂದ ತೆಳುವಾಗಿ ಕೊಯ್ದು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಬೇಸಿಗೆಗೊಂದು ಅಗಲ ಪಟ್ಟೆ, ಚಳಿಗಾಲಕ್ಕೊಂದು ಕಿರಿದು ಪಟ್ಟೆ. ಮೀನು ಬೆಳೆಯದಿದ್ದರೂ ಈ ಕಲ್ಲು ಸಾಯುವ ತನಕ ಬೆಳೆಯುತ್ತದೆ. ನಾವಿಬ್ಬರೂ ಬೇರೆ ಬೇರೆಯಾಗಿ ಎಣಿಸಿ, ಚೀಟಿಯಲ್ಲಿ ಬರೆದು, ಒಟ್ಟಿಗೆ ಬಿಡಿಸಿ ನೋಡುತ್ತಿದ್ದೆವು. ಒಂದು ಮಧ್ಯಾಹ್ನ, ಹುರುಪೆಯಲ್ಲಿ ನಾನು 9 ಎಂದು ಓದಿದ್ದ ಮೀನಿನ ಕಲ್ಲು ನೋಡಿದೆವು. ನನ್ನ ಚೀಟಿಯಲ್ಲಿ 22. ಆಕೆಯದರಲ್ಲಿ 23. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆ ಸರೋವರದಲ್ಲಿ ಎಷ್ಟು ಹಿಡಿಯಬಹುದು ಎಂದು ನಾನು ಬರೆದುಕೊಟ್ಟ ವರದಿ ಆಗಲೇ ಮೂರು ವರ್ಷದಿಂದ ಜಾರಿಯಲ್ಲಿತ್ತು.

ಪಟ್ಟೆಗಳನ್ನು ನಂಬುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಯಾರೂ ನಿರೀಕ್ಷಿಸದ ಕಡೆಯಿಂದ. 1950 ಮತ್ತು 60ರ ದಶಕಗಳ ಅಣುಬಾಂಬ್ ಪರೀಕ್ಷೆಗಳಿಂದ ವಾತಾವರಣದಲ್ಲೂ ನೀರಿನಲ್ಲೂ ಕಾರ್ಬನ್-14 ಎಂಬ ವಿಕಿರಣಶೀಲ ಇಂಗಾಲ ಏರಿತು. ಆ ಕಾಲದಲ್ಲಿ ಹುಟ್ಟಿದ ಮೀನುಗಳ ಕಿವಿಯ ಕಲ್ಲಿನ ನಡುವಿನಲ್ಲಿ ಆ ಏರಿಕೆ ಹಾಗೆಯೇ ಕುಳಿತಿದೆ. ಉಂಗುರ ಎಣಿಸಿ ಹೇಳಿದ ಹುಟ್ಟಿದ ವರ್ಷ ಸರಿಯೇ ಎಂದು ಅದರಿಂದ ಪರೀಕ್ಷಿಸಬಹುದು. ಯುದ್ಧಕ್ಕೆಂದು ಮಾಡಿದ ಕೆಲಸ ಮೀನಿನ ಜನ್ಮಪತ್ರಿಕೆಯಾಯಿತು. ಉತ್ತರ ಅಮೆರಿಕದ ಸಿಹಿನೀರಿನಲ್ಲಿ ಬಿಗ್‌ಮೌತ್ ಬಫಲೋ ಎಂಬ ದಪ್ಪ ಮೈಯ ಮೀನಿದೆ. ಗಾಳದವರಿಗೂ ಅಧಿಕಾರಿಗಳಿಗೂ ಅದು 'ಕಸದ ಮೀನು', ಹೆಚ್ಚೆಂದರೆ 26 ವರ್ಷ ಬದುಕುತ್ತದೆ ಎಂಬ ನಂಬಿಕೆಯಿತ್ತು. 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಂದರ ವಯಸ್ಸು 112 ಎಂದು ಕಂಡುಬಂತು. ನಾಲ್ಕು ತಲೆಮಾರಿನ ಅಧಿಕಾರಿಗಳು ಬಂದು ಹೋಗುವುದನ್ನು ನೋಡಿದ ಮೀನನ್ನು ನಾವು ಕಸ ಎನ್ನುತ್ತಿದ್ದೆವು.

ಈಗ ಮರಿ ಬಿಡುವ ವಿಷಯಕ್ಕೆ ಬರುತ್ತೇನೆ. ನನ್ನ ವೃತ್ತಿಜೀವನದಲ್ಲಿ ಜನ ನನ್ನನ್ನು ಅತಿಹೆಚ್ಚು ಪ್ರೀತಿಸಿದ್ದೂ ಅತಿಹೆಚ್ಚು ಬೈದದ್ದೂ ಇದೇ ಕಾರಣಕ್ಕೆ.

ಮರಿ ಬಿಡುವ ದಿನವೆಂದರೆ ಹಬ್ಬ. ಮೊಟ್ಟೆಯೊಡೆಸಿ ಮರಿಗಳನ್ನು ತೊಟ್ಟಿಯಲ್ಲಿ ಸಾಕುವ ಮೊಟ್ಟೆಮನೆಯಿಂದ ಟ್ಯಾಂಕರ್ ಬರುತ್ತದೆ, ಮಕ್ಕಳು ಬಕೆಟ್ ಹಿಡಿದು ಸಾಲು ನಿಲ್ಲುತ್ತಾರೆ, ಯಾರೋ ಗಣ್ಯರು ಮೊದಲ ಬಕೆಟ್ ಸುರಿಯುತ್ತಾರೆ, ಛಾಯಾಗ್ರಾಹಕರು ಇನ್ನೊಮ್ಮೆ ಸುರಿಯಿರಿ ಎನ್ನುತ್ತಾರೆ. ಟ್ಯಾಂಕರಿನ ನೀರಿಗೂ ಹೊಳೆಯ ನೀರಿಗೂ ಉಷ್ಣತೆ ಹೊಂದುವ ತನಕ ಕಾಯಬೇಕು, ಇಲ್ಲದಿದ್ದರೆ ಮರಿಗಳು ಹೊಟ್ಟೆ ಮೇಲಾಗಿ ತೇಲುತ್ತವೆ. ಗಣ್ಯರಿಗೆ ಕಾಯುವ ವ್ಯವಧಾನ ಇರುವುದಿಲ್ಲ. ನಮ್ಮಷ್ಟೇ ನಿಷ್ಠೆಯಿಂದ ಈ ಹಬ್ಬಕ್ಕೆ ಬರುತ್ತಿದ್ದವರು ಬಕಪಕ್ಷಿಗಳು. ಒಂದು ಹೊಳೆಯಲ್ಲಿ ಅವು ಟ್ಯಾಂಕರಿನ ಎಂಜಿನ್ ಸದ್ದನ್ನೇ ಗುರುತು ಹಿಡಿದಿದ್ದವು. ನಾವು ಸೇತುವೆ ದಾಟುವಷ್ಟರಲ್ಲಿ ಕೆಳಗಿನ ಮರಳದಿಬ್ಬದ ಮೇಲೆ ಏಳೆಂಟು ಸಾಲಾಗಿ ನಿಂತಿರುತ್ತಿದ್ದವು, ಗಣ್ಯರಿಗಿಂತ ಮೊದಲೇ. ತೊಟ್ಟಿಯಲ್ಲಿ ಬೆಳೆದ ಮರಿಗೆ ಮೇಲಿಂದ ಬೀಳುವ ನೆರಳೆಂದರೆ ಆಹಾರ. ಹೊಳೆಯಲ್ಲಿ ಅದೇ ನೆರಳು ಕೊಕ್ಕು. ಈ ವ್ಯತ್ಯಾಸ ಕಲಿಯಲು ಮರಿಗೆ ಒಂದೇ ಅವಕಾಶ.

ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಆಗುತ್ತಿದೆಯೇನೋ ಎಂಬ ಅನುಮಾನ ನನಗೆ ಐದಾರು ವರ್ಷದಲ್ಲೇ ಬಂದಿತ್ತು. ವಿಷಯ ಅದಕ್ಕಿಂತ ಕೆಟ್ಟದ್ದು ಎಂದು ತಿಳಿದದ್ದು ಓದಿದ ಮೇಲೆ. ಅಮೆರಿಕದ ಮೊಂಟಾನಾದಲ್ಲಿ ಮ್ಯಾಡಿಸನ್ ನದಿಯ ಒಂದು ಭಾಗಕ್ಕೆ ಮರಿ ಬಿಡುವುದನ್ನು ನಿಲ್ಲಿಸಿ ನೋಡಿದರು. ಅಲ್ಲಿ ನದಿಯಲ್ಲೇ ಹುಟ್ಟಿ ಬೆಳೆದ ಕಾಡು ಟ್ರೌಟ್ ಕಡಿಮೆಯಾಗುವ ಬದಲು ಹೆಚ್ಚಿತು. ಬಿಟ್ಟ ಮೀನುಗಳು ತಾವೂ ಬದುಕದೆ, ಇದ್ದವುಗಳನ್ನೂ ಜಾಗದಿಂದ ಎಬ್ಬಿಸುತ್ತಿದ್ದವು. 1974ರಿಂದ ಆ ರಾಜ್ಯ ಕಾಡು ಟ್ರೌಟ್ ಇರುವ ನದಿಗಳಿಗೆ ಮರಿ ಬಿಡುವುದನ್ನೇ ಕೈಬಿಟ್ಟಿತು. 2007ರಲ್ಲಿ ಆರೆಗಾನಿನ ಹುಡ್ ನದಿಯ ಸ್ಟೀಲ್‌ಹೆಡ್ ಮೀನುಗಳ ವಂಶವಾಹಿ ಅಧ್ಯಯನ ಇನ್ನೊಂದು ಮಾತು ಹೇಳಿತು: ತೊಟ್ಟಿಯಲ್ಲಿ ಸಾಕಿದ ಪ್ರತಿ ತಲೆಮಾರಿಗೆ, ನದಿಯಲ್ಲಿ ಸಹಜವಾಗಿ ಸಂತಾನ ಉಳಿಸುವ ಸಾಮರ್ಥ್ಯ ಸುಮಾರು ಶೇಕಡಾ 40ರಷ್ಟು ಕುಸಿಯುತ್ತದೆ. ತೊಟ್ಟಿ ಎಂಬುದು ತೊಟ್ಟಿಗೆ ತಕ್ಕ ಮೀನನ್ನು ಆರಿಸುತ್ತದೆ, ಅದೂ ಒಂದೇ ತಲೆಮಾರಿನಲ್ಲಿ.

ನಮ್ಮ ಹೊಳೆಗೆ ಮರಿ ಬಿಡುವುದನ್ನು ನಿಲ್ಲಿಸೋಣ ಎಂದು ನಾನು ಸಾರ್ವಜನಿಕ ಸಭೆಯಲ್ಲಿ ಹೇಳಿದ ಸಂಜೆಯನ್ನು ಮರೆಯುವುದಿಲ್ಲ. ಸಭಾಂಗಣ ತುಂಬಿತ್ತು. ಮೊದಲ ಸಾಲಿನಲ್ಲಿದ್ದವರೊಬ್ಬರು ಎದ್ದು, "ಹೊಳೆಗೆ ಮೀನು ಹಾಕುವುದು ನಿಮ್ಮ ಕೆಲಸ. ಹಾಕುವುದಿಲ್ಲವೆಂದರೆ ನೀವು ಯಾಕೆ ಇರಬೇಕು?" ಎಂದರು. ಆ ಪ್ರಶ್ನೆಗೆ ನನ್ನಲ್ಲಿ ಗ್ರಾಫುಗಳಿದ್ದವು, ಉತ್ತರ ಇರಲಿಲ್ಲ. ಏನಾದರೂ ಮಾಡುತ್ತಿರುವವನಿಗೆ ಸಂಬಳ ಕೊಡುವುದು ಜನರಿಗೆ ಅರ್ಥವಾಗುತ್ತದೆ. ಮಾಡದೆ ಇರುವುದಕ್ಕೆ ಸಂಬಳ ಕೊಡಿ ಎಂದು ಕೇಳುವುದು ಹೇಗೆ? ಕೊನೆಗೆ ನಾನು ಒಂದು ಒಪ್ಪಂದಕ್ಕೆ ಬಂದೆ: ಹೊಳೆಯ ಮೇಲ್ಭಾಗಕ್ಕೆ ಐದು ವರ್ಷ ಬಿಡುವುದಿಲ್ಲ, ಕೆಳಭಾಗಕ್ಕೆ ಬಿಡುತ್ತೇವೆ, ಆಮೇಲೆ ನೀವೇ ಬಂದು ನೋಡಿ. ನೋಡಲು ಅವರು ಬಂದರು ಎಂಬುದನ್ನು ಹೇಳಲೇಬೇಕು. ವಿದ್ಯುತ್ ಹಾಯಿಸಿ ಮಂಪರುಗೊಳಿಸಿದ ಮೀನುಗಳನ್ನು ಬುಟ್ಟಿಬಲೆಯಲ್ಲಿ ಎತ್ತಿ ಅಳೆಯುವಾಗ, ಅಂದು ಎದ್ದು ನಿಂತವರೇ ಪಟ್ಟಿ ಬರೆದುಕೊಂಡರು. ಮೇಲ್ಭಾಗದ ಪಟ್ಟಿ ಉದ್ದವಿತ್ತು. ಅವರು ನನ್ನನ್ನು ಅಭಿನಂದಿಸಲಿಲ್ಲ. "ಕೈಬರಹ ಸರಿಯಾಗಿದೆಯೇ ನೋಡಿಕೊಳ್ಳಿ" ಎಂದಷ್ಟೇ ಹೇಳಿ ಪಟ್ಟಿ ಕೊಟ್ಟರು.

ಗಾತ್ರದ ನಿಯಮದ ಕಥೆಯೂ ಇದೇ ಜಾತಿಯದ್ದು, ಚುಟುಕಾಗಿ ಹೇಳುತ್ತೇನೆ. ಚಿಕ್ಕದನ್ನು ಬಿಡಿ, ದೊಡ್ಡದನ್ನು ಇಟ್ಟುಕೊಳ್ಳಿ ಎಂದು ಅಳತೆಪಟ್ಟಿ ಹಂಚಿದವನು ನಾನೇ. ಒಂದು ಸಲವಾದರೂ ಮೊಟ್ಟೆಯಿಡಲಿ ಎಂಬ ಉದ್ದೇಶ. ದೊಡ್ಡ ಹೆಣ್ಣಿನ ಲೆಕ್ಕ ನಾವು ಹಾಕಿರಲಿಲ್ಲ. 30 ಕಿಲೋ ತೂಗುವ ಒಂದು ಕಾಡ್ ಹೆಣ್ಣು ಇಡುವ ಮೊಟ್ಟೆಗಳು ತಲಾ 2 ಕಿಲೋ ತೂಗುವ 28 ಹೆಣ್ಣುಗಳು ಒಟ್ಟಾಗಿ ಇಡುವಷ್ಟಿರುತ್ತವೆ ಎಂದು 2018ರ ಒಂದು ಅಧ್ಯಯನ ತೋರಿಸಿತು. ಅಂಥ ಅಜ್ಜಿಯರನ್ನೇ ಹಿಡಿಯಿರಿ ಎಂದು ನಿಯಮ ಬರೆದಿದ್ದೆವು. ಆಮೇಲೆ ನಡುವಿನ ಗಾತ್ರದ್ದನ್ನು ಮಾತ್ರ ಇಟ್ಟುಕೊಳ್ಳಿ, ಅತಿ ಚಿಕ್ಕದನ್ನೂ ಅತಿ ದೊಡ್ಡದನ್ನೂ ಬಿಡಿ ಎಂದು ಬದಲಾಯಿಸಿದೆವು. ದೊಡ್ಡ ಮೀನಿನೊಂದಿಗೆ ಫೋಟೋ ತೆಗೆಸಿಕೊಂಡು ಬಿಟ್ಟುಬಿಡಿ ಎಂದರೆ ಮಾತ್ರ ಜನ ಒಪ್ಪಿದರು. ಮೊಬೈಲ್ ಕ್ಯಾಮೆರಾ ಬಂದದ್ದು ನಮ್ಮ ಅದೃಷ್ಟ.

ಕಾಡುಪ್ರಾಣಿಗಳ ಕಡೆ ನಾನು ಕಳೆದದ್ದು ಒಂಬತ್ತು ವರ್ಷ. ಕಣ್ಣಿಗೆ ಕಾಣುವುದನ್ನು ಎಣಿಸುವುದು ಸುಲಭವಿರಬೇಕು ಎಂದುಕೊಂಡು ಹೋದೆ. ಅಲ್ಲಿ ಸಿಕ್ಕ ಮೊದಲ ಪಾಠಪುಸ್ತಕದ ಉದಾಹರಣೆ ಅಮೆರಿಕದ ಅರಿಜೋನಾದ ಕೈಬಾಬ್ ಪ್ರಸ್ಥಭೂಮಿ. 1906ರಲ್ಲಿ ಅದು ರಕ್ಷಿತ ಪ್ರದೇಶವಾಯಿತು, ಜಿಂಕೆ ತಿನ್ನುವ ಪ್ರಾಣಿಗಳನ್ನು ಕೊಂದರು, ಸುಮಾರು 4,000 ಇದ್ದ ಜಿಂಕೆ 1,00,000ಕ್ಕೆ ಏರಿತು, 1924ರ ನಂತರ ಹಸಿವಿನಿಂದ ಸತ್ತವು. ಬೇಟೆಗಾರ ಪ್ರಾಣಿಯನ್ನು ಕೊಂದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಕಥೆ ಬೇಕೆ? ನಾನೂ ತರಬೇತಿಗಳಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಆಮೇಲೆ ತಿಳಿಯಿತು, 1,00,000 ಎಂಬುದು ಅಂದಿನ ಹಲವು ಅಂದಾಜುಗಳಲ್ಲಿ ಅತಿ ದೊಡ್ಡದು, ಅದೇ ಕಾಲದ ಬೇರೆ ಅಂದಾಜು 30,000. 1970ರಲ್ಲಿ ಗ್ರೇಮ್ ಕಾಗ್ಲಿ ಎಂಬ ಪರಿಸರ ವಿಜ್ಞಾನಿ ಇದನ್ನೆಲ್ಲ ಕೆದಕಿ, ಕಥೆಗೆ ಆಧಾರ ಸಾಲದು, ಕುರಿದನಗಳ ಮೇವಿನ ಬದಲಾವಣೆಯೂ ಕಾರಣವಿರಬಹುದು ಎಂದು ಬರೆದರು. ಜಿಂಕೆ ಹೆಚ್ಚಿದ್ದೂ ನಿಜ, ಸತ್ತದ್ದೂ ನಿಜ. ಕಥೆಯ ಅಚ್ಚುಕಟ್ಟುತನ ಮಾತ್ರ ನಮ್ಮದು. ಅದಾದ ಮೇಲೆ ಅಚ್ಚುಕಟ್ಟಾದ ಕಥೆ ಕೇಳಿದರೆ ನನಗೆ ಮೊದಲು ಮೂಲ ಲೆಕ್ಕದ ಪುಸ್ತಕ ನೋಡಬೇಕೆನಿಸುತ್ತದೆ.

ಹಾಗೆಂದು ತೋಳಗಳನ್ನು ಕೊಂದದ್ದು ಸರಿಯೆಂದಲ್ಲ. ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲಿ ಕೊನೆಯ ತೋಳಗಳನ್ನು 1926ರಲ್ಲಿ ಕೊಂದದ್ದು ಉದ್ಯಾನದ ಸಿಬ್ಬಂದಿಯೇ, ಕರ್ತವ್ಯವೆಂದು. 1995 ಮತ್ತು 96ರಲ್ಲಿ ಕೆನಡಾದಿಂದ 31 ತೋಳಗಳನ್ನು ಹಿಡಿದು ತಂದು ಬಿಟ್ಟವರೂ ಸರ್ಕಾರಿ ನೌಕರರೇ. ಎರಡೂ ಗುಂಪಿನವರು ಒಂದೇ ಮೇಜಿನ ಎದುರು ಬದುರು ಕುಳಿತರೆ ಏನು ಮಾತಾಡಿಕೊಂಡಾರು ಎಂದು ನಾನು ಆಗಾಗ ಊಹಿಸುತ್ತೇನೆ. ಬಹುಶಃ ಚಳಿಯ ಬಗ್ಗೆ, ಬೂಟುಗಳ ಬಗ್ಗೆ.

ಅದೇ ಉದ್ಯಾನದ ಸರೋವರದಲ್ಲಿ ಮೀನಿಗೂ ಕರಡಿಗೂ ಗಂಟು ಬಿದ್ದ ಇನ್ನೊಂದು ಸಂಗತಿ ನಡೆದಿದೆ. ಅಲ್ಲಿನ ಕಟ್‌ಥ್ರೋಟ್ ಟ್ರೌಟ್ ಮೊಟ್ಟೆಯಿಡಲು ಆಳವಿಲ್ಲದ ತೊರೆಗಳಿಗೆ ಬರುತ್ತದೆ. ಕರಡಿಗಳು ದಡದಲ್ಲಿ ಕಾದು ತಿನ್ನುತ್ತಿದ್ದವು. 1994ರಲ್ಲಿ ಆ ನೀರಿನಲ್ಲಿ ಹೊರಗಿನ ಲೇಕ್ ಟ್ರೌಟ್ ಪತ್ತೆಯಾಯಿತು. ಅದು ಕಟ್‌ಥ್ರೋಟನ್ನು ತಿನ್ನುತ್ತದೆ, ತಾನು ಮಾತ್ರ ಆಳದಲ್ಲೇ ಇದ್ದು ಅಲ್ಲೇ ಮೊಟ್ಟೆಯಿಡುತ್ತದೆ, ತೊರೆಗೆ ಬರುವುದಿಲ್ಲ. ಕರಡಿಯ ತಟ್ಟೆ ಖಾಲಿಯಾಯಿತು, ಅವು ಎಲ್ಕ್ ಎಂಬ ದೊಡ್ಡ ಜಿಂಕೆಯ ಮರಿಗಳ ಕಡೆ ತಿರುಗಿದವು. ಅಂದಿನಿಂದ ಬಲೆ ಹಾಕಿ 40 ಲಕ್ಷಕ್ಕೂ ಹೆಚ್ಚು ಲೇಕ್ ಟ್ರೌಟ್ ತೆಗೆದಿದ್ದಾರೆ, ಇನ್ನೂ ತೆಗೆಯುತ್ತಿದ್ದಾರೆ. ಹಾಕುವುದಕ್ಕೆ ಒಂದು ಬಕೆಟ್ ಸಾಕು. ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಬೆಟ್ಟಗಳ ಮೇಲಿನ ಮೀನಿಲ್ಲದ ಕೊಳಗಳಿಗೆ ವಿಮಾನದಿಂದ ಟ್ರೌಟ್ ಮರಿ ಸುರಿದವರು ನಮ್ಮ ಹಿರಿಯರೇ. ಆ ಕೊಳಗಳ ಕಪ್ಪೆಗಳ ಗೊದಮೊಟ್ಟೆಗಳು ಎರಡು ಮೂರು ಬೇಸಿಗೆ ನೀರಿನಲ್ಲೇ ಕಳೆಯುತ್ತವೆ, ಟ್ರೌಟಿಗೆ ಅವು ಬಾಯಿಗೆ ಬಂದ ತುತ್ತು. 1990ರ ದಶಕದ ಕೊನೆಯಿಂದ ಕೆಲವು ಕೊಳಗಳಲ್ಲಿ ಬಲೆ ಕಟ್ಟಿ ಮೀನನ್ನು ಪೂರ್ತಿ ತೆಗೆದರು. ಕೆಲವೇ ವರ್ಷಗಳಲ್ಲಿ ಕಪ್ಪೆಗಳು ಹೆಚ್ಚಿದವು. ಅದಾದ ಮೇಲೆ ಶಿಲೀಂಧ್ರ ರೋಗ ಬಂದು ಎಷ್ಟೋ ಕಡೆ ಅವನ್ನು ಕೊಂದಿತು ಎಂಬುದೂ ಇದೇ ಕಥೆಯ ಭಾಗ. ಬಿಚ್ಚಿದ್ದೆಲ್ಲ ಹಳೆಯ ಗಂಟಿಗೆ ಮರಳುವುದಿಲ್ಲ.

ಯಾವ ಹಳೆಯದಕ್ಕೆ ಮರಳಬೇಕು ಎಂಬುದೂ ಗೊತ್ತಿರುವುದಿಲ್ಲ. ಮೀನುಗಾರಿಕೆ ವಿಜ್ಞಾನಿ ಡೇನಿಯಲ್ ಪಾಲಿ 1995ರಲ್ಲಿ ಒಂದು ಚಿಕ್ಕ ಬರಹದಲ್ಲಿ ಹೇಳಿದ್ದು ನನ್ನನ್ನು ಬಹಳ ಕಾಡಿದೆ: ಪ್ರತಿ ತಲೆಮಾರಿನ ಮೀನು ವಿಜ್ಞಾನಿಯೂ ತಾನು ಕೆಲಸಕ್ಕೆ ಸೇರಿದಾಗ ಕಂಡ ಸಮುದ್ರವನ್ನೇ ಸಹಜ ಎಂದು ತಿಳಿಯುತ್ತಾನೆ, ನಷ್ಟವನ್ನು ಅಲ್ಲಿಂದ ಅಳೆಯುತ್ತಾನೆ. ನನ್ನ ಮಟ್ಟಿಗೆ ಸಹಜವಾದ ತೊರೆ ಎಂದರೆ ಮೊದಲ ಬೇಸಿಗೆಯಲ್ಲಿ ಕಂಡದ್ದು, 41 ದಿಮ್ಮಿಗಳಿದ್ದ ತೊರೆ. ನಮ್ಮ ಹಿರಿಯ ಸಹಾಯಕರ ಬಾಲ್ಯದಲ್ಲಿ ಅಲ್ಲಿ ಎಷ್ಟಿದ್ದವು ಎಂದು ನಾನು ಅವರನ್ನು ಕೇಳಿರಲಿಲ್ಲ.

ಕಳೆದ ಮಳೆಗಾಲ ಮುಗಿದ ಮೇಲೆ ಕಚೇರಿಯ ಹೊಸ ಅಧಿಕಾರಿಯೊಬ್ಬರು ಫೋನ್ ಮಾಡಿದರು. ನನ್ನ ಮಗಳ ವಯಸ್ಸಿನವರು. "ಸರ್, ನೆರೆಯಲ್ಲಿ ನೀವು ಇಡಿಸಿದ ದಿಮ್ಮಿಗಳಲ್ಲಿ ಹಲವು ಕಿತ್ತುಕೊಂಡು ಹೋಗಿವೆ. ತಿರುವಿನದು ಇನ್ನೂರು ಮೀಟರ್ ಕೆಳಗೆ ಎರಡು ಬಂಡೆಗಳ ನಡುವೆ ಸಿಕ್ಕಿಕೊಂಡಿದೆ. ಎಳೆಸಿ ಮೊದಲಿನ ಜಾಗಕ್ಕೇ ಇಡಿಸಬೇಕೆಂದು ಮೇಲಿನವರು ಹೇಳುತ್ತಿದ್ದಾರೆ. ಹಳೆಯ ನಕ್ಷೆ ನಿಮ್ಮಲ್ಲಿದೆಯೇ?" ಎಂದು ಕೇಳಿದರು.

ಅದರ ಕೆಳಗೆ ಮಡು ಆಗಿದೆಯೇ ಎಂದು ಕೇಳಿದೆ. ಆಗಿದೆ, ಸೊಂಟದಾಳ, ಎಂದರು. ಮೀನು? ಇಳಿದು ನೋಡಿಲ್ಲ, ನೀರು ಇನ್ನೂ ರಾಡಿಯಾಗಿದೆ.

ಅಟ್ಟದಿಂದ ಕಡತ ಇಳಿಸಿದೆ. ಎರಡು ನಕ್ಷೆಗಳನ್ನೂ ಒಂದರ ಮೇಲೊಂದಿಟ್ಟು ಕಿಟಕಿಯ ಗಾಜಿಗೆ ಒತ್ತಿ ಹಿಡಿದೆ. ಕೆಂಪು ಗುರುತುಗಳು 41, ನೀಲಿ 26. ಎಲ್ಲಿ ಇಡಬೇಕೆಂದು ನಾವು ತಿಂಗಳುಗಟ್ಟಲೆ ಅಳೆದು, ಲೆಕ್ಕ ಹಾಕಿ, ಜಗಳವಾಡಿ ಆರಿಸಿದ ಆ 26ರಲ್ಲಿ 17 ನೇರವಾಗಿ ಕೆಂಪು ಗುರುತಿನ ಮೇಲೆಯೇ ಬಿದ್ದಿದ್ದವು. ದಿಮ್ಮಿ ಈಗ ನಿಂತಿದೆ ಎಂದು ಅವರು ಹೇಳಿದ ಎರಡು ಬಂಡೆಗಳ ಜಾಗವನ್ನು ಬೆರಳಿನಿಂದ ಹುಡುಕಿದೆ. ಅಲ್ಲಿ ನೀಲಿ ಇರಲಿಲ್ಲ. ಕೆಂಪು ಇತ್ತು.

ಎರಡೂ ನಕ್ಷೆಗಳ ಫೋಟೋ ತೆಗೆದು ಕಳುಹಿಸಿದೆ. ನೀರು ತಿಳಿಯಾದ ಮೇಲೆ ಒಮ್ಮೆ ಇಳಿದು ನೋಡಿ, ಅಲ್ಲಿಯವರೆಗೆ ರಾಟೆ ತರಿಸಬೇಡಿ ಎಂದು ಕೆಳಗೆ ಬರೆದೆ.